ರುಚಿ ಬೇರೆ ಬೇರೆ, ಲೆಕ್ಕ ಮಾತ್ರ ಒಂದೇ



ಮದ್ಯಕ್ಕೆ ಕನ್ನಡದಲ್ಲಿ ಅಡ್ಡಹೆಸರುಗಳ ಬರವಿಲ್ಲ. ಗುಂಡು, ಎಣ್ಣೆ, ತೀರ್ಥ, ಪರಮಾತ್ಮ... ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಆದರೆ ಬಿಯರಿಗೂ ವೈನಿಗೂ ಏನು ವ್ಯತ್ಯಾಸ, ವಿಸ್ಕಿಗೂ ರಮ್ಮಿಗೂ ಏನು ನಂಟು, ನಿಮಗೆ ಯಾವುದು ಇಷ್ಟ, ಯಾಕೆ ಇಷ್ಟ ಎಂದು ಕೇಳಿದರೆ ಮಾತ್ರ ನಮ್ಮ ಶಬ್ದಭಂಡಾರ ಖಾಲಿ. ಎಲ್ಲವೂ ಒಟ್ಟಿಗೆ "ಡ್ರಿಂಕ್ಸ್". ನಮ್ಮಲ್ಲಿ ಬಹಳ ಮಂದಿ ಬೆಳೆದ ಮನೆಗಳಲ್ಲಿ ಈ ವಿಷಯಕ್ಕೆ ಇದ್ದದ್ದು ಎರಡೇ ಜಾಗ: ಒಂದೋ ಬೈಗುಳ, ಇಲ್ಲವೇ ಜೋಕು. ನಡುವೆ ಒಂದು ಪಾಠಕ್ಕೆ ಜಾಗವಿರಲಿಲ್ಲ.

ಈಗ ನಾವಿರುವ ಅಮೆರಿಕದಲ್ಲಿ ಪರಿಸ್ಥಿತಿ ಬೇರೆ. ಅನೇಕ ರಾಜ್ಯಗಳಲ್ಲಿ ಹಾಲು, ಬ್ರೆಡ್ಡು ಕೊಳ್ಳುವ ಅಂಗಡಿಯಲ್ಲೇ ಬಿಯರ್, ವೈನ್ ಸಿಗುತ್ತದೆ. ಆಫೀಸಿನ ಪಾರ್ಟಿ, ಪಕ್ಕದ ಮನೆಯ ಬಾರ್ಬೆಕ್ಯೂ, ನಮ್ಮವರದೇ ಹುಟ್ಟುಹಬ್ಬ, ಎಲ್ಲ ಕಡೆ ಬಾಟಲಿ ಕಾಣುತ್ತದೆ. ನಮ್ಮ ಮಕ್ಕಳೂ ನೋಡುತ್ತಿರುತ್ತಾರೆ. ಇವತ್ತಲ್ಲ ನಾಳೆ ಪ್ರಶ್ನೆ ಕೇಳುತ್ತಾರೆ. ಆಗ ಬೈಗುಳವೂ ಸಾಲದು, ಜೋಕೂ ಸಾಲದು.

ಅದಕ್ಕೇ ಈ ಪಾಠ. ನಾನು ಮಿತವಾಗಿ ಕುಡಿಯುವವನು. ನನ್ನ ಇಷ್ಟಾನಿಷ್ಟಗಳನ್ನು ಕಾರಣ ಸಮೇತ ಹೇಳುತ್ತೇನೆ. ಕುಡಿಯದವರಿಗೆ ಕುಡಿಸುವುದು ಉದ್ದೇಶವಲ್ಲ. ತಿಳಿದುಕೊಳ್ಳಲು ಕುಡಿಯಲೇಬೇಕು ಅಂತಲೂ ಇಲ್ಲ. ಕನ್ನಡಕ್ಕೆ "ಯೆಂಡ್ಕುಡ್ಕ ರತ್ನ"ನನ್ನು ಕೊಟ್ಟ ಜಿ. ಪಿ. ರಾಜರತ್ನಂ ಅವರು ಸ್ವತಃ ಕುಡಿಯುವವರಲ್ಲ ಎಂಬುದು ನಿಮಗೆಲ್ಲ ಗೊತ್ತೇ ಇದೆ!

ಮೊದಲು ಮೂಲಪಾಠ

ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಬ್ಯಾಕ್ಟೀರಿಯಾ. ಅದು ಹುಳಿಯನ್ನೂ ಗಾಳಿಗುಳ್ಳೆಯನ್ನೂ ಕೊಡುತ್ತದೆ. ಮದ್ಯದಲ್ಲಿ ಕೆಲಸ ಮಾಡುವುದು ಯೀಸ್ಟ್. ಅದು ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಹುದುಗುವುದು ಜೀವಿಗಳ ಕೆಲಸ ಎಂದು 19ನೇ ಶತಮಾನದಲ್ಲಿ ತೋರಿಸಿಕೊಟ್ಟವನು ಲೂಯಿ ಪಾಶ್ಚರ್.

ಯೀಸ್ಟಿಗೆ ಒಂದು ಮಿತಿ ಇದೆ. ಆಲ್ಕೊಹಾಲು ಸುಮಾರು ಶೇ. 15 ಮುಟ್ಟುವ ಹೊತ್ತಿಗೆ, ತಾನು ಮಾಡಿದ ವಿಷಕ್ಕೆ ತಾನೇ ಸೋತು ಸಾಮಾನ್ಯವಾಗಿ ಕೆಲಸ ನಿಲ್ಲಿಸುತ್ತದೆ. ಅದಕ್ಕಿಂತ ಗಟ್ಟಿ ಬೇಕೆಂದರೆ ಭಟ್ಟಿ ಇಳಿಸಬೇಕು. ಆಲ್ಕೊಹಾಲು ಕುದಿಯುವುದು 78 ಡಿಗ್ರಿಯಲ್ಲಿ, ನೀರು 100 ಡಿಗ್ರಿಯಲ್ಲಿ. ಕಾಯಿಸಿದಾಗ ಮೊದಲು ಏಳುವ ಆವಿಯಲ್ಲಿ ಆಲ್ಕೊಹಾಲು ಹೆಚ್ಚು. ಅದನ್ನು ತಣಿಸಿ ಹಿಡಿದರೆ ಗಟ್ಟಿ ಮದ್ಯ.

ಆದ್ದರಿಂದ ಮದ್ಯಗಳದ್ದು ಎರಡೇ ಮನೆತನ. ಬರೀ ಹುದುಗಿಸಿದ್ದು: ಬಿಯರ್, ವೈನ್, ನಮ್ಮ ಕರಾವಳಿಯ ಸೇಂದಿ. ಭಟ್ಟಿ ಇಳಿಸಿದ್ದು: ವಿಸ್ಕಿ, ರಮ್, ಬ್ರಾಂದಿ, ವೋಡ್ಕಾ, ಜಿನ್. ಇವೆರಡರ ನಡುವೆ ತಂದೆ ಮಕ್ಕಳ ಸಂಬಂಧ. ಬಾರ್ಲಿಯ ಹುದುಗನ್ನು ಭಟ್ಟಿ ಇಳಿಸಿ ಪೀಪಾಯಿಯಲ್ಲಿ ಇಟ್ಟರೆ ವಿಸ್ಕಿ. ವೈನನ್ನು ಇಳಿಸಿದರೆ ಬ್ರಾಂದಿ. ಕಬ್ಬಿನ ರಸ ಅಥವಾ ಕಾಕಂಬಿಯಿಂದ ರಮ್. ಗೇರುಹಣ್ಣಿನಿಂದ ಗೋವಾದ ಫೆನಿ. ಕರ್ನಾಟಕ ಸರ್ಕಾರ 2007ರ ಜುಲೈಯಲ್ಲಿ ನಿಷೇಧಿಸಿದ ಸಾರಾಯಿಯೂ ಈ ಎರಡನೆಯ ಮನೆತನದ್ದೇ.

ನಾಲಿಗೆಗೆ ಆರು ರಸ ಸಾಕು

ವೈನ್ ಪಂಡಿತರ ಬರವಣಿಗೆ ಓದಿದರೆ ಬ್ಲಾಕ್ ಕರಂಟ್, ಗೂಸ್‌ಬೆರಿ ಎಂದೆಲ್ಲ ಇರುತ್ತದೆ. ನಮ್ಮ ಬಾಲ್ಯದಲ್ಲಿ ಯಾರ ತೋಟದಲ್ಲಿ ಬ್ಲಾಕ್ ಕರಂಟ್ ಇತ್ತು ಸ್ವಾಮಿ? ಅದರ ಅಗತ್ಯವೂ ಇಲ್ಲ. ನಮ್ಮ ಅಜ್ಜಿಯರು ಹೇಳಿಕೊಟ್ಟ ಸಿಹಿ, ಹುಳಿ, ಉಪ್ಪು, ಕಹಿ, ಖಾರ, ಒಗರು ಎಂಬ ಷಡ್ರಸಗಳಲ್ಲಿ ಉಪ್ಪೊಂದನ್ನು ಬಿಟ್ಟು ಉಳಿದ ಐದರಲ್ಲಿ ಯಾವ ಮದ್ಯವನ್ನಾದರೂ ವರ್ಣಿಸಬಹುದು. ಬಿಯರಿನಲ್ಲಿ ಕಹಿ, ಬಿಳಿ ವೈನಿನಲ್ಲಿ ಹುಳಿ, ಕೆಂಪು ವೈನಿನಲ್ಲಿ ಒಗರು, ವಿಸ್ಕಿಯಲ್ಲಿ ಖಾರ. ಲಿಕ್ಯೂರ್ ಮತ್ತು ಬಣ್ಣಬಣ್ಣದ ಕಾಕ್‌ಟೇಲುಗಳಲ್ಲಿ ಸಿಹಿ. ನಿಮಗೆ ಊಟದಲ್ಲಿ ಯಾವ ರಸ ಇಷ್ಟವೋ, ಲೋಟದಲ್ಲೂ ಬಹುಶಃ ಅದೇ ಹಿಡಿಸುತ್ತದೆ. ಹಾಗಲಕಾಯಿ ಗೊಜ್ಜು ಚಪ್ಪರಿಸುವ ನನಗೆ ಕಹಿ ಬಿಯರ್ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬಿಯರ್

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೀರು, ಯೀಸ್ಟ್, ಕಹಿಗಾಗಿ ಹಾಪ್ಸ್ ಎಂಬ ಹೂವು. ಇಷ್ಟೇ ಸಾಮಾನು. ಬವೇರಿಯಾದಲ್ಲಿ 1516ರಲ್ಲೇ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಎಂದು ಕಾನೂನು ಮಾಡಿದ್ದರು. ಆ ಪಟ್ಟಿಯಲ್ಲಿ ಯೀಸ್ಟ್ ಇಲ್ಲ, ಅದೊಂದು ಜೀವಿ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಬೆಂಗಳೂರಿನಲ್ಲಿ 'ಬಿಯರ್' ಎಂದರೆ ಬಹುಕಾಲ ಒಂದೇ ಜಾತಿ, ಲಾಗರ್. ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ, ತಿಳಿ ಹೊಂಬಣ್ಣದ ಬಿಯರು. ಸ್ವಲ್ಪ ಬೆಚ್ಚಗೆ ಹುದುಗಿಸಿದ್ದು ಏಲ್. ನನ್ನ ಇಷ್ಟ ಈ ಏಲ್‌ನಲ್ಲಿ ಎರಡು. ಒಂದು, ಜರ್ಮನರ ಗೋಧಿ ಬಿಯರ್. ಅದರಲ್ಲಿ ಮಾಗಿದ ಬಾಳೆಹಣ್ಣಿನ ಕಂಪು, ಹಿಂದೆಯೇ ಲವಂಗದ ವಾಸನೆ. ಯಾರೂ ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಹಾಕಿರುವುದಿಲ್ಲ, ಎರಡೂ ಆ ಯೀಸ್ಟಿನ ಕೊಡುಗೆ. ಇನ್ನೊಂದು ಸ್ಟೌಟ್. ಹುರಿದ ಬಾರ್ಲಿಯಿಂದ ಕಪ್ಪಾದದ್ದು, ಡಿಕಾಕ್ಷನ್ ಪ್ರಿಯರಿಗೆ ಹೇಳಿ ಮಾಡಿಸಿದ್ದು.

ಇಲ್ಲಿ ಒಂದು ಮುಖ್ಯ ಪಾಠ. ಬಣ್ಣಕ್ಕೂ ಶಕ್ತಿಗೂ ಸಂಬಂಧವಿಲ್ಲ. ನಲ್ಲಿಯಿಂದ ಬರುವ ಕಪ್ಪು ಗಿನ್ನೆಸ್ ಸುಮಾರು ಶೇ. 4.2. ನಮ್ಮೂರಿನ ತಿಳಿಬಣ್ಣದ 'ಸ್ಟ್ರಾಂಗ್' ಬಿಯರು ಶೇ. 8ರವರೆಗೂ ಇರುತ್ತದೆ. ಕಣ್ಣನ್ನು ನಂಬಬೇಡಿ, ಲೇಬಲ್ ಓದಿ.

ವೈನ್

ಕೆಂಪು ವೈನಿಗೆ ಬಣ್ಣ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ. ಬಹುತೇಕ ಕಪ್ಪು ದ್ರಾಕ್ಷಿಗಳ ರಸವೂ ಬಿಳಿಚೇ. ಸಿಪ್ಪೆಯ ಜೊತೆ ಹುದುಗಿಸಿದಾಗ ಬಣ್ಣದ ಸಂಗಡ ಟ್ಯಾನಿನ್ ಎಂಬ ವಸ್ತು ಇಳಿಯುತ್ತದೆ. ಅಡಿಕೆ ಅಗಿದಾಗ ಬಾಯಿ ಹಿಡಿಯುತ್ತದಲ್ಲ, ಅದೇ ಒಗರು. ಬಿಳಿ ವೈನಿನಲ್ಲಿ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುವುದರಿಂದ ಹುಳಿ ಮುಂದೆ ಬರುತ್ತದೆ.

"ವೈನ್ ಅಂದರೆ ಕೆಂಪೇ ಶ್ರೇಷ್ಠ" ಎಂಬ ಮಾತು ನಮ್ಮವರಲ್ಲಿ ಬಹಳ ಕೇಳುತ್ತೇನೆ. ಸ್ಟೇಕ್ ತಿನ್ನುವವರಿಗೆ ಇರಬಹುದು. ನಮ್ಮ ಊಟಕ್ಕೆ ನಾನು ಒಪ್ಪುವುದಿಲ್ಲ. ಮೆಣಸಿನಕಾಯಿಯ ಖಾರ ಮತ್ತು ಟ್ಯಾನಿನ್ನಿನ ಒಗರು ಸೇರಿದರೆ ಎರಡೂ ಬಾಯಿಯಲ್ಲಿ ಒರಟಾಗುತ್ತವೆ. ಆಲ್ಕೊಹಾಲು ತಾನೇ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಹಾಗಾಗಿ ಕೋಳಿ ಸಾರು, ಎಣ್ಣೆಗಾಯಿ ಪಲ್ಯದ ಜೊತೆ ನನ್ನ ಆಯ್ಕೆ, ಆಲ್ಕೊಹಾಲು ಕಡಿಮೆ ಇರುವ, ತುಸು ಸಿಹಿಯಾದ, ತಣ್ಣಗಿನ ಬಿಳಿ ವೈನ್. ಜರ್ಮನಿಯ ರೀಸ್ಲಿಂಗ್‌ನಲ್ಲಿ ಇಂಥವು ಸಿಗುತ್ತವೆ. ಊರಿಗೆ ಹೋದಾಗ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟಗಳ ವೈನನ್ನೂ ರುಚಿ ನೋಡಿ. ನಮ್ಮ ಮಣ್ಣಿನದು ಎಂಬ ಪಕ್ಷಪಾತ ಸ್ವಲ್ಪ ಇದ್ದರೆ ತಪ್ಪೇನಿಲ್ಲ.

ವಿಸ್ಕಿ ಮತ್ತು ಬಳಗ

ಭಟ್ಟಿಯಿಂದ ಇಳಿದಾಗ ವಿಸ್ಕಿ ನೀರಿನಷ್ಟು ತಿಳಿ. ಬಣ್ಣ, ವೆನಿಲಾದಂಥ ಕಂಪು ಬರುವುದು ಓಕ್ ಮರದ ಪೀಪಾಯಿಯಿಂದ. ಅಮೆರಿಕದ ಬೂರ್ಬನ್ನಿನಲ್ಲಿ ಕನಿಷ್ಠ ಶೇ. 51 ಜೋಳ, ಅಂದರೆ ಮುಸುಕಿನ ಜೋಳ ಇರಬೇಕು, ಒಳಗೆ ಸುಟ್ಟ ಹೊಸ ಪೀಪಾಯಿಯಲ್ಲೇ ಇಡಬೇಕು. ಅದರಿಂದ ಆ ಸಿಹಿ. ಸ್ಕಾಟ್ಲೆಂಡಿನ ಐಲಾ ದ್ವೀಪದ ಅನೇಕ ವಿಸ್ಕಿಗಳಲ್ಲಿ ಬಾರ್ಲಿಯನ್ನು ಪೀಟ್ ಎಂಬ ಜೌಗುಮಣ್ಣಿನ ಬೆಂಕಿಯಲ್ಲಿ ಒಣಗಿಸುತ್ತಾರೆ. ಕೆಲವರಿಗೆ ಅದು ಡೆಟಾಲ್ ವಾಸನೆ, ನನಗೆ ಮಲೆನಾಡಿನ ಬಚ್ಚಲೊಲೆಯ ಹೊಗೆ. ಒಂದೇ ಬಾಟಲಿ, ಎರಡು ಮೂಗು!

ಕನ್ನಡಿಗರಿಗೆ ಇಲ್ಲೊಂದು ಹೆಮ್ಮೆಯ ಸಂಗತಿ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಮೀನಿಗೆ ಈಜು ಕಲಿಸಲು ಹೋದಂತೆ. ಆದರೆ ಜಿಮ್ ಮರ್ರಿ ಎಂಬ ವಿಮರ್ಶಕ ತನ್ನ 2010ರ 'ವಿಸ್ಕಿ ಬೈಬಲ್'ನಲ್ಲಿ ಅಮೃತ್ ಫ್ಯೂಷನ್ನಿಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟ. ಇದರ ಹಿಂದೆ ನಮ್ಮ ಹವೆಯೂ ಇದೆ. ಪೀಪಾಯಿಯಿಂದ ಆವಿಯಾಗಿ ಹೋಗುವ ಪಾಲು ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು. ಅಲ್ಲಿ 12 ವರ್ಷ ಇಡುವುದನ್ನು ಇಲ್ಲಿ ಅಷ್ಟು ಕಾಲ ಇಟ್ಟರೆ ಪೀಪಾಯಿಯಲ್ಲಿ ಉಳಿಯುವುದೇ ಅಲ್ಪ. ಬಿಸಿಯಲ್ಲಿ ಮಾಗುವುದೂ ಬೇಗ. ವಯಸ್ಸೊಂದೇ ಗುಣದ ಅಳತೆ ಅಲ್ಲ ಎಂಬುದಕ್ಕೆ ಇದೇ ಉದಾಹರಣೆ.

ಆದರೆ ಎಲ್ಲ ಭಾರತೀಯ ವಿಸ್ಕಿಯೂ ಹೀಗಲ್ಲ. ಊರಿನ ಅಗ್ಗದ ವಿಸ್ಕಿಗಳಲ್ಲಿ ಹೆಚ್ಚಿನವುಗಳ ಮೂಲ ಕಾಕಂಬಿಯ ಸ್ಪಿರಿಟ್. ಯುರೋಪಿನ ನಿಯಮದಂತೆ ಧಾನ್ಯದಿಂದ ಆಗಿ, ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಇರದಿದ್ದರೆ ಅದನ್ನು ವಿಸ್ಕಿ ಎನ್ನುವಂತಿಲ್ಲ. ಸೋಡಾ, ಕೋಲಾ ಸುರಿದು ಕುಡಿಯುವ ನಮ್ಮ ಅಭ್ಯಾಸದ ಗುಟ್ಟು ಇಲ್ಲೇ ಇರಬಹುದೇನೋ! ಒಳ್ಳೆಯ ಮಾಲ್ಟಿಗೆ ನಾನು ಹಾಕುವುದು ಕೆಲವು ಹನಿ ನೀರು ಮಾತ್ರ. ಉರಿ ತಗ್ಗಿ ಕಂಪು ಮೇಲೇಳುತ್ತದೆ.

ಉಳಿದ ಬಳಗ ಚುಟುಕಾಗಿ. ಜಿನ್ನಿಗೆ ಜೂನಿಪರ್ ಕಾಯಿಯ ಪರಿಮಳ, ಬೇಸಿಗೆಗೆ ನಿಂಬೆ ಹಿಂಡಿದ ಜಿನ್ ನನಗೆ ಇಷ್ಟ. ವೋಡ್ಕಾಕ್ಕೆ ರುಚಿ ಇಲ್ಲದಿರುವುದೇ ಗುಣ, ಆದ್ದರಿಂದಲೇ ನನಗೆ ಬೇಡ. ಹಣ್ಣಿನ ರಸದಲ್ಲಿ ಅಡಗಿ ಕೂತರೆ ಎಷ್ಟು ಒಳಗೆ ಹೋಯಿತು ಎಂದೇ ತಿಳಿಯುವುದಿಲ್ಲ. ಬ್ರಾಂದಿ ನೆಗಡಿಗೆ ಔಷಧ ಎಂಬುದು ಬರೀ ನಂಬಿಕೆ. ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆನಿಸುತ್ತದೆ, ನಿಜವಾಗಿ ಮೈಯ ಶಾಖ ಹೊರಗೆ ಹೋಗುತ್ತಿರುತ್ತದೆ.

ಈಗ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದು ನಾಲಿಗೆಯ ವಿಷಯ. ಇನ್ನು ಯಕೃತ್ತಿನ ವಿಷಯ. ಅದಕ್ಕೆ ಬಾಳೆಹಣ್ಣಿನ ಕಂಪೂ ತಿಳಿಯದು, ಬಚ್ಚಲೊಲೆಯ ಹೊಗೆಯೂ ತಿಳಿಯದು. ಅದು ಎಣಿಸುವುದು ಗ್ರಾಂ ಮಾತ್ರ. ಸೂತ್ರ ಸುಲಭ: ಮಿಲಿಲೀಟರ್ ಗುಣಿಸು ಶೇಕಡಾ, ಭಾಗಿಸು ನೂರು, ಗುಣಿಸು 0.789. ಈ ಕೊನೆಯ ಸಂಖ್ಯೆ ಆಲ್ಕೊಹಾಲಿನ ಸಾಂದ್ರತೆ.

ಅಮೆರಿಕದಲ್ಲಿ ಒಂದು 'ಡ್ರಿಂಕ್' ಎಂದರೆ 14 ಗ್ರಾಂ ಶುದ್ಧ ಆಲ್ಕೊಹಾಲು:
- ಶೇ. 5ರ ಬಿಯರ್ 355 ಮಿ.ಲೀ., ಅಂದರೆ ಒಂದು ಕ್ಯಾನ್: 14 ಗ್ರಾಂ
- ಶೇ. 12ರ ವೈನ್ 148 ಮಿ.ಲೀ.: 14 ಗ್ರಾಂ
- ಶೇ. 40ರ ವಿಸ್ಕಿ 44 ಮಿ.ಲೀ.: 14 ಗ್ರಾಂ

ಮೂರೂ ಸರಿಸಮ. "ಬಿಯರ್ ಬರೀ ಬಾರ್ಲಿ ನೀರು ಕಣ್ರೀ" ಎನ್ನುವವರು ಈ ಮೂರು ಸಾಲನ್ನು ಇನ್ನೊಮ್ಮೆ ಓದಬೇಕು. ಈಗ ನಮ್ಮ ಕೂಟಗಳಲ್ಲಿ ನಿಜವಾಗಿ ನಡೆಯುವ ಅಳತೆ ನೋಡೋಣ:
- ಊರಿನ 'ಲಾರ್ಜ್' ಪೆಗ್ 60 ಮಿ.ಲೀ., ಊರಿನ ಶೇ. 42.8ರ ವಿಸ್ಕಿ: 20 ಗ್ರಾಂ, ಹತ್ತಿರ ಹತ್ತಿರ ಒಂದೂವರೆ ಡ್ರಿಂಕ್
- ಶೇ. 7ರ ಐಪಿಎ ಬಿಯರ್, 473 ಮಿ.ಲೀ. ಪೈಂಟ್: 26 ಗ್ರಾಂ, ಎರಡಕ್ಕೆ ಸ್ವಲ್ಪ ಕಡಿಮೆ
- ಊರಿನ 650 ಮಿ.ಲೀ. ಸ್ಟ್ರಾಂಗ್ ಬಿಯರ್, ಶೇ. 8: 41 ಗ್ರಾಂ, ಹೆಚ್ಚುಕಡಿಮೆ ಮೂರು
- ಶೇ. 13ರ ವೈನ್ ಬಾಟಲಿ, 750 ಮಿ.ಲೀ.: 77 ಗ್ರಾಂ, ಐದೂವರೆ

"ಒಂದೇ ಬಿಯರ್ ತಗೊಂಡೆ" ಎಂಬ ಮಾತು ಒಂದು ಡ್ರಿಂಕೂ ಆಗಬಹುದು, ಮೂರೂ ಆಗಬಹುದು. ದೇಶ ಬದಲಾದರೆ ಅಳತೆಯೂ ಬದಲು. ಬ್ರಿಟನ್ನಿನ ಒಂದು 'ಯೂನಿಟ್' 8 ಗ್ರಾಂ, ಆಸ್ಟ್ರೇಲಿಯಾದ ಸ್ಟ್ಯಾಂಡರ್ಡ್ ಡ್ರಿಂಕ್ 10 ಗ್ರಾಂ. ಲಂಡನ್ನಿನ ಭಾವನ ಎರಡಕ್ಕೂ ನಮ್ಮ ಎರಡಕ್ಕೂ ಹೋಲಿಕೆ ಇಲ್ಲ. ಆದ್ದರಿಂದ ಲೋಟ ಎಣಿಸಬೇಡಿ, ಗ್ರಾಂ ಎಣಿಸಿ.

ಮನೆಗೆ ಹೋಗುವ ದಾರಿ

ಈ ಲೆಕ್ಕ ಯಾಕೆ ಬೇಕೆಂದರೆ, ಊರಿನಂತೆ ಇಲ್ಲಿ ಆಟೋ ಹತ್ತಿ ಮನೆ ಸೇರುವ ಹಾಗಿಲ್ಲ. ದೀಪಾವಳಿಯ ಊಟ ಮುಗಿಸಿ ಹೊರಟಾಗ ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಹೋಗಿರುತ್ತಾರೆ, ಮುಂದೆ ನಲವತ್ತು ಮೈಲಿ ಹೈವೇ.

ಸುಮಾರು 70 ಕಿಲೋ ತೂಕದ ಗಂಡಸಿಗೆ 14 ಗ್ರಾಂ ಆಲ್ಕೊಹಾಲು ರಕ್ತದಲ್ಲಿ ಹತ್ತಿರ ಹತ್ತಿರ ಶೇ. 0.03 ಏರಿಸುತ್ತದೆ. 60 ಕಿಲೋ ತೂಕದ ಹೆಂಗಸಿಗೆ ಶೇ. 0.04 ದಾಟುತ್ತದೆ. ತೂಕ ಕಡಿಮೆ ಎಂಬುದೊಂದೇ ಅಲ್ಲ, ದೇಹದಲ್ಲಿ ನೀರಿನ ಪಾಲೂ ಕಡಿಮೆ ಇರುವುದರಿಂದ. ಇಳಿಯುವ ವೇಗ ಮಾತ್ರ ಗಂಟೆಗೆ ಸರಾಸರಿ ಶೇ. 0.015. ಕಾಫಿ ಕುಡಿದರೂ, ತಣ್ಣೀರು ಸ್ನಾನ ಮಾಡಿದರೂ, ಮಜ್ಜಿಗೆ ಕುಡಿದರೂ ಈ ವೇಗ ಹೆಚ್ಚುವುದಿಲ್ಲ.

ಉದಾಹರಣೆಗೆ, ಆ 70 ಕಿಲೋ ಗಂಡಸು ರಾತ್ರಿ 8ಕ್ಕೆ ಶುರುಮಾಡಿ ಮೂರು ಲಾರ್ಜ್ ತೆಗೆದುಕೊಂಡ ಎನ್ನಿ. ಒಟ್ಟು 61 ಗ್ರಾಂ. ಅಂದಾಜಿನ ಲೆಕ್ಕದಲ್ಲಿ ಶೇ. 0.13. ಅದು ಪೂರ್ತಿ ಇಳಿಯಲು ಎಂಟೂವರೆ ಗಂಟೆ, ಅಂದರೆ ಬೆಳಗಿನ ಜಾವ ನಾಲ್ಕೂವರೆ. ಹತ್ತೂವರೆಗೆ "ನಾನು ಸರಿಯಾಗೇ ಇದ್ದೀನಿ" ಎಂದು ಕೀಲಿ ಕೈಗೆ ತೆಗೆದುಕೊಳ್ಳುವಾಗ ಅವನಲ್ಲಿ ಇನ್ನೂ ಶೇ. 0.09ರಷ್ಟು ಉಳಿದಿರುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳ ಮಿತಿ ಶೇ. 0.08, ಯೂಟಾದಲ್ಲಿ 0.05, ಭಾರತದಲ್ಲಿ 0.03. ಕಾನೂನಿನ ಮಿತಿಯೊಳಗಿದ್ದರೂ ಕಣ್ಣು, ಕೈ, ತೀರ್ಮಾನ ಮೊದಲೇ ನಿಧಾನವಾಗಿರುತ್ತವೆ. ಇದೆಲ್ಲ ಅಂದಾಜು, ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತದೆ. ಇದನ್ನು ಸ್ಟೇರಿಂಗ್ ಹಿಡಿಯಲು ಪರವಾನಗಿ ಎಂದು ದಯವಿಟ್ಟು ತಿಳಿಯಬೇಡಿ. ನನ್ನ ನಿಯಮ ಇನ್ನೂ ಸುಲಭ: ಡ್ರೈವ್ ಮಾಡುವವರ ಲೋಟದಲ್ಲಿ ಸೊನ್ನೆ ಗ್ರಾಂ. ಯಾರು ಡ್ರೈವ್ ಮಾಡುವುದು ಎಂಬುದು ಮನೆ ಬಿಡುವ ಮೊದಲೇ ತೀರ್ಮಾನವಾಗಬೇಕು. ಪ್ರತಿ ಸಲವೂ ಅದು ಹೆಂಡತಿಯೇ ಆಗಬೇಕೆಂದೇನಿಲ್ಲ.

ಇನ್ನು ಆರೋಗ್ಯ. "ದಿನಾ ಒಂದು ಗ್ಲಾಸ್ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು" ಎಂದು ಒಂದು ಕಾಲದಲ್ಲಿ ಎಲ್ಲೆಡೆ ಓದುತ್ತಿದ್ದೆವು. ಈಗ ಆ ಮಾತು ನಿಂತಿಲ್ಲ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. 2025ರ ಜನವರಿಯಲ್ಲಿ, ಆಗ ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಮದ್ಯಕ್ಕೂ ಕನಿಷ್ಠ ಏಳು ಬಗೆಯ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ಎಚ್ಚರಿಕೆ ಹೊರಡಿಸಿದರು. ಅಮೆರಿಕದಲ್ಲಿ ತಡೆಯಬಹುದಾದ ಕ್ಯಾನ್ಸರ್ ಕಾರಣಗಳಲ್ಲಿ ತಂಬಾಕು, ಬೊಜ್ಜಿನ ನಂತರ ಮೂರನೆಯದು ಮದ್ಯ. ಇದರಲ್ಲಿ ವೈನು, ಬಿಯರು, ವಿಸ್ಕಿ ಎಂಬ ಭೇದವಿಲ್ಲ. ಹಾಗಾಗಿ ನಾನು ಕುಡಿಯುವುದು ರುಚಿಗೆ, ಆರೋಗ್ಯಕ್ಕೆ ಎಂಬ ನೆಪ ಬಿಟ್ಟು. ರುಚಿಗೆ ಕುಡಿಯುವವನಿಗೆ ಒಂದು ಲೋಟ ಸಾಕಾಗುತ್ತದೆ. ಇಷ್ಟ ಯಾವುದು ಎಂದು ತಿಳಿಯದೆ ಸಿಕ್ಕಿದ್ದನ್ನೆಲ್ಲ ಕುಡಿಯುವವನಿಗೆ ಎಷ್ಟಾದರೂ ಸಾಲದು.

"ಬೇಡ" ಎಂಬುದೂ ಒಂದು ಆಯ್ಕೆ

ಉಪಚಾರ ಮಾಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಹೋಳಿಗೆಯನ್ನು ಎಲೆಗೆ ಬಡಿಸುವ ಹಾಗೇ ಲೋಟಕ್ಕೂ ಸುರಿಯುತ್ತೇವೆ. "ನನ್ನಾಣೆ, ಇನ್ನೊಂದು!" ಹೋಳಿಗೆಗೆ ಒಪ್ಪುವ ಮಾತು ಇಲ್ಲಿ ಒಪ್ಪುವುದಿಲ್ಲ. ಒಬ್ಬರು "ಬೇಡ" ಎಂದರೆ ಔಷಧಿ ಇರಬಹುದು, ಬಸುರಿ ಇರಬಹುದು, ವ್ರತ ಇರಬಹುದು, ಕಷ್ಟಪಟ್ಟು ಬಿಟ್ಟವರಿರಬಹುದು, ಅಥವಾ ಸುಮ್ಮನೆ ಇಷ್ಟವಿಲ್ಲದಿರಬಹುದು. "ಯಾಕೆ?" ಎಂದು ಕೇಳುವ ಹಕ್ಕು ನಮಗಿಲ್ಲ. ನನಗೆ ವೋಡ್ಕಾ ಬೇಡ ಎಂದಾಗ ಯಾರೂ ಕಾರಣ ಕೇಳುವುದಿಲ್ಲವಲ್ಲ! ಆತಿಥ್ಯ ಮಾಡುವವರು ಪಾನಕ, ಮಸಾಲೆ ಮಜ್ಜಿಗೆ, ಕೋಕಂ ಶರಬತ್ತನ್ನು ಬಾಟಲಿಗಳ ಪಕ್ಕದಲ್ಲೇ, ಅಷ್ಟೇ ಚೆಂದದ ಲೋಟಗಳಲ್ಲಿ ಇಡಲಿ. ಮೂಲೆಯಲ್ಲಿ ಎರಡು ಲೀಟರ್ ಕೋಲಾ ಇಟ್ಟು ಕೈತೊಳೆದುಕೊಂಡರೆ ಸಾಲದು.

ಮಕ್ಕಳಿಗೂ ಇದನ್ನೇ ಹೇಳಬೇಕು. ಇಲ್ಲಿ ಕೊಳ್ಳುವ ವಯಸ್ಸು 21. ಆದರೆ ಕಾಲೇಜಿನ ಹಾಸ್ಟೆಲ್ಲಿಗೆ ಹೋಗುವುದು 18ಕ್ಕೆ. ಕೆಂಪು ಪ್ಲಾಸ್ಟಿಕ್ ಕಪ್ಪಿನಲ್ಲಿ ಏನಿದೆ, ಎಷ್ಟು ಗ್ರಾಂ ಇದೆ ಎಂದು ಲೆಕ್ಕ ಹಾಕಲು, ನಾಚಿಕೆಯಿಲ್ಲದೆ "ಬೇಡ" ಎನ್ನಲು ಅವರು ಮನೆಯಲ್ಲೇ ಕಲಿತಿರಬೇಕು. ಬೈಗುಳ ಮತ್ತು ಜೋಕು ಎರಡರಿಂದಲೂ ಅದು ಬರುವುದಿಲ್ಲ.

ಕೊನೆಗೆ ಒಂದು ಮನೆಪಾಠ

ಇವತ್ತು ಅಡುಗೆಮನೆಯ ಅಳತೆಯ ಚಮಚ ತೆಗೆಯಿರಿ. ನೀವು ಸಾಮಾನ್ಯವಾಗಿ ವಿಸ್ಕಿ ಸುರಿಯುವ ಲೋಟಕ್ಕೆ ಮೂರು ಟೇಬಲ್ ಚಮಚ ನೀರು ಹಾಕಿ. ಅದು 44 ಮಿ.ಲೀ., ಒಂದು ಡ್ರಿಂಕ್. ವೈನ್ ಗ್ಲಾಸಿಗೆ ಅರ್ಧ ಕಪ್ಪು ಮತ್ತು ಎರಡು ಟೇಬಲ್ ಚಮಚ ನೀರು ಹಾಕಿ. ಅದು 148 ಮಿ.ಲೀ. ಮಟ್ಟ ಎಲ್ಲಿಗೆ ಬಂತು ನೋಡಿ, ನೀವು ಎಂದೂ ಸುರಿಯುವ ಮಟ್ಟ ಎಲ್ಲಿರುತ್ತಿತ್ತು ನೆನಪು ಮಾಡಿಕೊಳ್ಳಿ. ಮಕ್ಕಳು ಪಕ್ಕದಲ್ಲಿದ್ದರೆ ಗುಣಾಕಾರ ಅವರೇ ಮಾಡಲಿ. ಐದು ನಿಮಿಷದ ಕೆಲಸ, ಒಂದು ಹನಿ ಮದ್ಯವೂ ಬೇಡ.

ನಿಮ್ಮ ಲೋಟ ಎಷ್ಟು ಗ್ರಾಂ ಹೇಳಿತು? ಮುಂದಿನ ಸಲ ಸಿಕ್ಕಾಗ ತಿಳಿಸಿ. ಕುಡಿಯುವವರು, ಕುಡಿಯದವರು ಎಲ್ಲರಿಗೂ ಶುಭವಾಗಲಿ.